ನಲವತ್ತು ಪೈಸೆ

ಭಾಲ್ಕಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಪ್ರೆಸ್ಸು.
ಮದುವೆ ಕಾರ್ಡು, ಶೋಕಪತ್ರ, ಕಿರಾಣಿಯವರ ರಸೀದಿ ಬುಕ್ಕು,
ಈಚೀಚೆಗೆ ಬೆಲ್ಲದ ಚೀಟಿ.

ಚಂದ್ರಭಾಗಾಬಾಯಿ ಮೊದಲ ಸಲ ಬಂದಾಗ
ಸೆರಗಿನ ಗಂಟು ಬಿಚ್ಚಿ ಒಂದು ಹೆಂಟಿ
ಕಟಿಂಗ್ ಮಷೀನಿನ ಮೇಲಿಟ್ಟಳು.
ಕರ್ರಗಿತ್ತು, ಹೆಚ್ಚು ಸುಟ್ಟ ಇಟ್ಟಂಗಿಯ ಹಾಗೆ.

‘ಈ ಬಣ್ಣಕ್ಕೇ ಸಂತ್ಯಾಗ ನಗತಿದ್ರು, ಮಾಮೂ.
ಅಡತಿಯವ ಉಗುರಿಲೆ ಕೆರದು ನೋಡಿ
ದನಕ್ಕ ಹಾಕೋದು ಅಂತ ಇಪ್ಪತ್ತೆಂಟಕ್ಕ ತೂಗತಿದ್ದ.
ಬಾಜೂ ಗಾಣದ್ದು ಬಂಗಾರದಂಗ ಹೊಳೀತದ,
ಕುದಿಯೋ ಕೊಪ್ಪರಿಗಿಗೆ ಒಂದು ಮುಷ್ಟಿ ಬಿಳಿ ಪುಡಿ,
ಅದಕ್ಕ ನಲವತ್ತೆರಡು.
ನಾವು ಬೆಂಡಿಗಿಡದ ಲೋಳಿ ಬಿಟ್ರ ಏನೂ ಹಾಕಂಗಿಲ್ಲ.’

ಕರಿ ಬಣ್ಣಕ್ಕೆ ಸಾಕ್ಷಿ ಬೇಕಾಗಿತ್ತು.
ಹನ್ನೊಂದು ಮಂದಿ ಹೆಂಗಸರು ಕೂಡಿ ವಂತಿಗೆ ಹಾಕಿದರು,
ಒಬ್ಬಾಕೆ ಕೊರಳಿನ ಗುಂಡು ಬಿಚ್ಚಿಕೊಟ್ಟಳು.
ಇನ್‌ಶರ್ಟ್ ಮಾಡಿದ ಹುಡುಗನೊಬ್ಬ ಬಂದ,
ಬಾವಿ ನೀರು ಬಾಟಲಿಗೆ ತುಂಬಿದ,
ಮಣ್ಣಿನ ಪೊಟ್ಟಣದ ಮೇಲೆ ಇವಳ ಹೆಸರು ಬರೆದ,
ಗಾಳಿ ಯಾವ ಕಡೆಯಿಂದ ಬೀಸ್ತದ ಅಂತ ಕೇಳಿದ.

ಗಾಳಿ ಬೀಸೋದು ಶಂಕ್ರೆಪ್ಪನ ಹೊಲದ ಮೇಲಿಂದ.
ಅವ ಔಷಧ ಹೊಡೀತಾನ,
ಅದಕ್ಕೆ ಇವಳ ನಾಕು ಸಾಲು ಕಬ್ಬು ಲೆಕ್ಕಕ್ಕಿಲ್ಲ.
ಹೊಡೆಯುವವನಿಗೆ ಕಾಗದದ ಕಾಟವಿಲ್ಲ.
ಹೊಡೆಯದವಳು ಮೂರು ವರ್ಷ
ಏನೇನು ಮಾಡಲಿಲ್ಲ ಅನ್ನೋದನ್ನ
ದಿನಾ ಬರೆದಿಡಬೇಕು.
ಅವಳಿಗೆ ಓದು ಬಾರದು. ಮಗಳು ಬರೆದಳು,
ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ:
ಸೋಮವಾರ, ಏನೂ ಹಾಕಿಲ್ಲ.
ಮಂಗಳವಾರ, ಏನೂ ಹಾಕಿಲ್ಲ.
ಬುಧವಾರ, ಮಳೆ.

ಈಗ ಹೈದರಾಬಾದಿನ ಅಂಗಡಿಯಲ್ಲಿ ಕಿಲೋಕ್ಕೆ
ನೂರಾ ಎಂಬತ್ತು. ಇವಳ ಕೈಗೆ ಎಪ್ಪತ್ತೆರಡು.
ನಡುವಿನದು ಎಲ್ಲಿ ಹೋಗ್ತದ ಅಂತ
ಒಂದು ಸಂಜೆ ಕರೆಂಟು ಹೋದಾಗ
ಇಬ್ಬರೂ ಕೂತು ಹುಡುಕಿದೆವು:
ಲ್ಯಾಬಿನ ಫೀಸು, ಡಬ್ಬಿ, ಟೆಂಪೋ,
ತಪಾಸಣೆ ಹುಡುಗನ ಲಾಡ್ಜು, ಊಟ,
ಅಂಗಡಿಯವನ ಏಸಿ, ಬೆಲ್ಲದ ಮೇಲೆ ಬಿಡುವ ಹಳದಿ ದೀಪ.
ಕರೆಂಟು ಬಂತು.
ಇನ್ನೂ ಮೂವತ್ತೊಂದು ರೂಪಾಯಿ ಸಿಕ್ಕಿರಲಿಲ್ಲ.

ಹೋದ ಸಂಕ್ರಾಂತಿಗೆ ನನ್ನಿಂದ ತಪ್ಪಾಯಿತು.
ಚೀಟಿಯ ಎಲೆಚಿತ್ರದ ಕೆಳಗೆ ಹನ್ನೆರಡು ಅಂಕಿ,
ಏಳು ಬರಬೇಕಾದಲ್ಲಿ ಒಂದು ಕೂತಿತು.
ಐನೂರು ಡಬ್ಬಿ ವಾಪಸು ಬಂದವು,
ಮುಚ್ಚಳ ಕೂಡ ತೆಗೆದಿರಲಿಲ್ಲ.
ಹೆಂಗಸರು ಒಂದು ರಾತ್ರಿ ಪೂರಾ ಕೂತು
ಬಿಸಿನೀರಿನ ಬಟ್ಟೆಯಿಂದ ಚೀಟಿ ಕಿತ್ತರು.
ಭಾಲ್ಕಿ ಸಂತೆಯಲ್ಲಿ ನಲವತ್ತಕ್ಕೆ ಮಾರಿದರು.
ನಾನೂ ಎರಡು ಕಿಲೋ ಒಯ್ದೆ, ಮುಖ ತೋರಿಸದೆ,
ಅಳಿಯನನ್ನು ಕಳಿಸಿ.
ಬೇಗಂ ಚಹಾಕ್ಕೆ ಹಾಕಿದಳು. ಹಾಲು ಒಡೆಯಲಿಲ್ಲ.
‘ಇಷ್ಟು ಚೊಲೋದು ಇಷ್ಟು ಸಸ್ತಾ ಎಲ್ಲಿ ಸಿಕ್ಕಿತು?’
ನಾನು ಬಿಸ್ಕೀಟು ಅದ್ದುತ್ತಿದ್ದೆ.

ನಿನ್ನೆ ಮತ್ತೆ ಬಂದಳು. ಬೈಯಲಿಲ್ಲ.
‘ಓದ್ರಿ’ ಅಂದಳು.
ಒಂದೊಂದೇ ಅಂಕಿ ಓದಿದೆ,
ಅವಳ ಹೆಬ್ಬೆರಳು ನಾಕು ಬೆರಳಿನ ಗೆಣ್ಣುಗಳ ಮೇಲೆ
ಸಾವಕಾಶ ಹತ್ತಿ ಇಳಿಯಿತು.
ಹನ್ನೆರಡೂ ತುಂಬಿದ ಮೇಲೆ ಮುಷ್ಟಿ ಮುಚ್ಚಿಕೊಂಡು
‘ದರ?’ ಅಂದಳು.

‘ಎಂದಿನದೇ.’

ಸೀರೆ ಅಂಗಡಿಯ ಸ್ಟಿಕರಿಗಿಂತ ನಲವತ್ತು ಪೈಸೆ ಹೆಚ್ಚು.
ಹಸಿರು ಶಾಯಿ ತುಟ್ಟಿ ಅಂತ ಮೊದಲ ದಿನವೇ ಹೇಳಿದ್ದೆ.
ಅವಳ ಬೆನ್ನ ಹಿಂದಿನ ಗೂಡಿನಲ್ಲಿ ಡಬ್ಬಿಗಳ ಸಾಲು:
ಕೆಂಪು, ನೀಲಿ, ಹಸಿರು,
ಒಂದೇ ಕಂಪನಿ, ಒಂದೇ ಬಿಲ್ಲು, ಒಂದೇ ರೇಟು.
ಅವಳು ತಿರುಗಿ ನೋಡಲಿಲ್ಲ.
ನೋಡಿದರೂ ಓದುತ್ತಿರಲಿಲ್ಲ ಅಂತ
ನನಗೆ ಗೊತ್ತಿತ್ತು.